ಟವರಿನ ಬುಡದಲ್ಲಿ ಅಳತೆ

ಪಕ್ಕದ ಮನೆ ಮೇಲೆ ಮೊಬೈಲ್ ಟವರು ಎದ್ದಾಗಿನಿಂದ ಅಮ್ಮನಿಗೆ ನಿದ್ದೆ ಇಲ್ಲ. "ಎಷ್ಟು ಬರ್ತಿದೆ ಅಂತ ಅಳೆಯೋರು ಯಾರೋ?" ಅಂತ ಒಂದೇ ಪ್ರಶ್ನೆ. ಕೆದಕಿದಾಗ ಸಿಕ್ಕ ಕಥೆ ಇದು.

1998ರಲ್ಲಿ ಇಕ್ನಿರ್ಪ್ ಎಂಬ ಅಂತರರಾಷ್ಟ್ರೀಯ ಆಯೋಗ 900 ಮೆಗಾಹರ್ಟ್ಸ್‌ಗೆ ಚದರ ಮೀಟರಿಗೆ 4.5 ವ್ಯಾಟ್ ಮಿತಿ ಹಾಕಿತು. ಮೈ ಬಿಸಿಯೇರದಿರಲಿ ಅನ್ನೋದು ಅದರ ಲೆಕ್ಕ. 2008ರಲ್ಲಿ ನಮ್ಮವರೂ ಒಪ್ಪಿಕೊಂಡರು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ತರಂಗಗಳನ್ನು 'ಕ್ಯಾನ್ಸರ್ ತರಲೂಬಹುದು' ಅನ್ನುವ 2ಬಿ ಪಟ್ಟಿಗೆ ಸೇರಿಸಿತು (ಮುಖ್ಯ ಆಧಾರ ಕಿವಿಗೊತ್ತುವ ಫೋನಿನದು ಕಣ್ರೀ, ಟವರಿನದಲ್ಲ!). 2012ರ ಸೆಪ್ಟೆಂಬರ್ 1ರಿಂದ ಭಾರತ ಮಿತಿಯನ್ನು ಹತ್ತನೇ ಒಂದಕ್ಕೆ, ಅಂದ್ರೆ 0.45ಕ್ಕೆ ಇಳಿಸಿತು. 2017ರಲ್ಲಿ ತರಂಗ್ ಸಂಚಾರ್ ತಾಣ ಬಂತು. 4000 ರೂಪಾಯಿ ಕಟ್ಟಿ ಅಳತೆ ಕೇಳಬಹುದಾಯ್ತು.

ಆಂಟೆನಾದ ಕಿರಣ ಹೆಚ್ಚಾಗಿ ಅಡ್ಡಕ್ಕೆ ಹೋಗುತ್ತೆ, ಬುಡದಲ್ಲಿ ಸಾಮಾನ್ಯವಾಗಿ ಕಡಿಮೆಯೇ ಅಂದೆ. ಅಮ್ಮ ಎದುರು ಮನೆಯ ಮೂರನೇ ಮಹಡಿ ನೋಡಿ, "ಹಾಗಾದ್ರೆ ಅವರ ಮಗೂ?" ಅಂದಳು.