ವರ್ಷಕ್ಕೊಂದು ಕಾಗದ

ಎರಡನೆಯ ಮಹಾಯುದ್ಧ ಮುಗಿದ ಮೇಲಿನ ದಶಕಗಳಲ್ಲಿ ಅಮೆರಿಕದ ಮನೆಮನೆಗೆ ಒಂದು ಪದ್ಧತಿ ಹಬ್ಬಿತು. ಡಿಸೆಂಬರ್ ಬಂತೆಂದರೆ ಮನೆಯಲ್ಲಿ ಯಾರಾದರೊಬ್ಬರು ಕೂತು, ಆ ವರ್ಷ ಕುಟುಂಬದಲ್ಲಿ ನಡೆದದ್ದನ್ನೆಲ್ಲ ಒಂದೆರಡು ಪುಟಗಳಲ್ಲಿ ಬರೆಯುತ್ತಿದ್ದರು. ಮಗ ಕಾಲೇಜು ಸೇರಿದ್ದು, ಮಗಳ ಮದುವೆ, ಬೇಸಿಗೆಯ ಪ್ರವಾಸ, ಅಜ್ಜನ ಮೊಣಕಾಲಿನ ಆಪರೇಷನ್, ಸಾಕಿದ ನಾಯಿ ಸತ್ತದ್ದು, ಕೊನೆಗೆ ಹೊಸ ವಿಳಾಸ. ಆ ಒಂದೇ ಒಕ್ಕಣೆಯ ಐವತ್ತೋ ನೂರೋ ಪ್ರತಿ ತೆಗೆದು, ಕ್ರಿಸ್‌ಮಸ್ ಕಾರ್ಡಿನ ಜೊತೆ ಮಡಚಿಟ್ಟು, ನೆಂಟರಿಗೂ ಹಳೆಯ ನೆರೆಯವರಿಗೂ ಬಿಟ್ಟುಬಂದ ಊರಿನ ಚರ್ಚಿನವರಿಗೂ ಅಂಚೆಗೆ ಹಾಕುತ್ತಿದ್ದರು. ಬ್ರಿಟನ್ನಿನಲ್ಲೂ ಇದು ಬೇರೂರಿತು. ಅಲ್ಲಿ ಅದಕ್ಕೆ ರೌಂಡ್ ರಾಬಿನ್ ಎನ್ನುತ್ತಾರೆ. ಇದರ ಬಗ್ಗೆ ಅಚ್ಚಾಗಿರುವ ಬರಹಗಳಲ್ಲಿ ಹೆಸರಾದವು ಗೇಲಿಯ ಬರಹಗಳು. ‘ಗಾರ್ಡಿಯನ್’ ಪತ್ರಿಕೆಯ ಅಂಕಣಕಾರ ಸೈಮನ್ ಹಾಗರ್ಟ್, ಓದುಗರು ತಮಗೆ ಬಂದಿದ್ದ ಇಂಥ ಕಾಗದಗಳನ್ನು ಕಳಿಸಿಕೊಟ್ಟದ್ದನ್ನು ಆಧರಿಸಿ 2004 ಮತ್ತು 2005ರಲ್ಲಿ ಎರಡು ನಗೆಪುಸ್ತಕಗಳನ್ನೇ ತಂದರು. ಮಕ್ಕಳ ಅಂಕ, ಗಂಡನ ಬಡ್ತಿ, ದುಬಾರಿ ರಜೆ ಇವುಗಳ ಪಟ್ಟಿ ಓದಿ ಯಾರಿಗಾದರೂ ಕಿರಿಕಿರಿಯಾಗುವುದು ಸಹಜ. ಆದರೆ ಈ ಕಾಗದ ಬಡಾಯಿಯ ಕೂಸು ಎಂಬ ತೀರ್ಮಾನ, ಅದು ಹುಟ್ಟಿದ ಸಂದರ್ಭವನ್ನು ನೋಡದೆ ಮಾಡಿದ್ದು. ದೂರದೂರ ಚದುರಿದ ಕುಟುಂಬಗಳಿಗೆ ನಂಟು ಉಳಿಸಿಕೊಳ್ಳುವ ಅಗತ್ಯವಿತ್ತು. ಆ ಅಗತ್ಯವನ್ನು ಬಹುಮಟ್ಟಿಗೆ ಹೆಂಗಸರು ತಮ್ಮ ದುಡಿಮೆಯಿಂದ ಪೂರೈಸಿದರು. ಈ ಕಾಗದ ಅದರ ಫಲ, ಮತ್ತು ಚರಿತ್ರೆಕಾರರು ಗಂಭೀರವಾಗಿ ಓದಬೇಕಾದ ದಾಖಲೆ ಎಂಬುದು ನನ್ನ ವಾದ.

ಮೊದಲು ಕಾರ್ಡಿನ ವಿಷಯ. 1840ರಲ್ಲಿ ಬ್ರಿಟನ್ ಒಂದು ಪೆನ್ನಿಯ ಅಂಚೆ ವ್ಯವಸ್ಥೆಯನ್ನು ಜಾರಿಗೆ ತಂದಿತು. ದೂರ ಎಷ್ಟೇ ಇರಲಿ, ಹಗುರವಾದ ಕಾಗದಕ್ಕೆ ಒಂದೇ ದರ. ಆ ಸುಧಾರಣೆಗಾಗಿ ದುಡಿದವರಲ್ಲಿ ಒಬ್ಬನಾದ ಹೆನ್ರಿ ಕೋಲ್ 1843ರಲ್ಲಿ ಲಂಡನ್ನಿನಲ್ಲಿ ಮೊದಲ ವಾಣಿಜ್ಯ ಕ್ರಿಸ್‌ಮಸ್ ಕಾರ್ಡನ್ನು ಹೊರತಂದ. ಹಬ್ಬದ ಹೊತ್ತಿಗೆ ಬರುವ ಪತ್ರಗಳಿಗೆಲ್ಲ ಉತ್ತರ ಬರೆಯುವಷ್ಟು ಪುರುಸೊತ್ತು ಅವನಿಗಿರಲಿಲ್ಲ. ಜಾನ್ ಕಾಲ್‌ಕಾಟ್ ಹಾರ್ಸ್‌ಲಿ ಬರೆದ ಚಿತ್ರವನ್ನು ಕಲ್ಲಚ್ಚಿನಲ್ಲಿ ತೆಗೆದು ಕೈಯಿಂದ ಬಣ್ಣ ತುಂಬಿದರು; ಬೆಲೆ ಒಂದು ಶಿಲ್ಲಿಂಗ್. ಕಾರ್ಡಿನ ನಡುವೆ ಮೂರು ತಲೆಮಾರಿನ ಒಂದು ಕುಟುಂಬ ಲೋಟ ಎತ್ತಿ ಶುಭ ಕೋರುತ್ತಿದೆ, ಎರಡು ಬದಿಗಳಲ್ಲಿ ಬಡವರಿಗೆ ಅನ್ನ, ಬಟ್ಟೆ ಕೊಡುವ ಚಿತ್ರಗಳಿವೆ. ಮಗುವಿನ ಬಾಯಿಗೂ ವೈನ್ ಹಿಡಿದಿದ್ದಾರೆಂದು ಪಾನನಿರೋಧದವರು ಆಕ್ಷೇಪಿಸಿದ್ದು ಪ್ರಸಿದ್ಧ. ಒಂದೇ ಮಾತನ್ನು ನೂರು ಜನಕ್ಕೆ ಕಳಿಸುವುದು, ಕುಟುಂಬವನ್ನು ಹಬ್ಬದ ದಿನದ ಮುಖದಲ್ಲಿ ತೋರಿಸುವುದು, ಬರೆಯುವ ಶ್ರಮ ಉಳಿಸುವುದು: ಮುಂದಿನ ಕಾಗದದ ಮೇಲೆ ಬಂದ ಆಪಾದನೆಗಳೆಲ್ಲ ಈ ಮೊದಲ ಕಾರ್ಡಿಗೂ ಅನ್ವಯಿಸುತ್ತವೆ. ಕಾರ್ಡನ್ನು ಜಗತ್ತು ಒಪ್ಪಿಕೊಂಡು ಮುದ್ದಿಸಿತು, ಕಾಗದವನ್ನು ಮಾತ್ರ ಹಂಗಿಸಿತು.

ಕಾರ್ಡು ಶುಭಾಶಯ ಹೇಳುತ್ತದೆ, ಸುದ್ದಿ ಹೇಳುವುದಿಲ್ಲ. ಸುದ್ದಿ ಬೇಕಾದದ್ದು ಜನ ಊರು ಬಿಟ್ಟಾಗ. ಅಮೆರಿಕದ ಜನಗಣತಿ ಸಂಸ್ಥೆ 1948ರಿಂದ ವರ್ಷವರ್ಷವೂ ಮನೆ ಬದಲಿಸಿದವರ ಲೆಕ್ಕ ಇಡುತ್ತಿದೆ. ಆ ವರ್ಷದಿಂದ 1960ರ ದಶಕದವರೆಗೆ ಪ್ರತಿ ವರ್ಷ ಹೆಚ್ಚುಕಡಿಮೆ ಐದರಲ್ಲಿ ಒಬ್ಬರು ಬೇರೆ ಮನೆಗೆ ಹೋದವರು. 2019ರ ವೇಳೆಗೆ ಇದು ಹತ್ತರಲ್ಲಿ ಒಬ್ಬರಿಗಿಂತಲೂ ಕೆಳಗಿಳಿದಿತ್ತು. ಹೀಗೆ ಹೋದವರಲ್ಲಿ ಸುಮಾರು ಮೂರನೆಯ ಎರಡು ಭಾಗ ಅದೇ ಕೌಂಟಿಯೊಳಗೇ ಮನೆ ಬದಲಿಸಿದವರು, ಇದನ್ನು ಚದುರುವಿಕೆ ಎನ್ನಲಾಗದು ಎಂದು ಯಾರಾದರೂ ತಕರಾರು ತೆಗೆಯಬಹುದು. ಮಾತು ನಿಜ. ಆದರೆ ವರ್ಷಕ್ಕೆ ನೂರರಲ್ಲಿ ಮೂವರು ರಾಜ್ಯದ ಗಡಿ ದಾಟಿದರೂ ಇಪ್ಪತ್ತು ವರ್ಷಗಳಲ್ಲಿ ಅದು ದೊಡ್ಡ ಮೊತ್ತವೇ. ಒಬ್ಬ ಅಣ್ಣ ಕ್ಯಾಲಿಫೋರ್ನಿಯಕ್ಕೆ ಹೋದರೆ ಒಹಾಯೊದಲ್ಲಿ ಉಳಿದ ಇಡೀ ಬಳಗಕ್ಕೆ ಆತ ದೂರದವನಾಗುತ್ತಾನೆ. ಅತ್ತ ಅಂಚೆ ಅಗ್ಗವಾಗಿಯೇ ಇತ್ತು. 1932ರಿಂದ 1958ರವರೆಗೆ ಒಂದು ಕಾಗದಕ್ಕೆ ಮೂರೇ ಸೆಂಟ್. 1962ರಲ್ಲಿ ಅಲ್ಲಿನ ಅಂಚೆ ಇಲಾಖೆ ಮೊದಲ ಸಲ ಕ್ರಿಸ್‌ಮಸ್ ಅಂಚೆಚೀಟಿ ತಂದಾಗ, ಮೊದಲು ಅಚ್ಚು ಹಾಕಿಸಿದ 35 ಕೋಟಿ ಸಾಲದೆ ವರ್ಷದ ಕೊನೆಗೆ 100 ಕೋಟಿಯವರೆಗೆ ಮುದ್ರಿಸಬೇಕಾಯಿತು.

ಇನ್ನು ನಕಲಿನ ವಿಷಯ. ನಮ್ಮಲ್ಲಿ ಹಳೆಯ ತಲೆಮಾರಿನವರಿಗೆ ಸೈಕ್ಲೋಸ್ಟೈಲ್ ಎಂದು ಗೊತ್ತಿರುವ ಬಗೆಯ ಯಂತ್ರ ಅಮೆರಿಕದಲ್ಲಿ ಮಿಮಿಯೋಗ್ರಾಫ್ ಎಂಬ ಹೆಸರಿನಲ್ಲಿ ಷಿಕಾಗೋದ ಎ.ಬಿ. ಡಿಕ್ ಕಂಪನಿಯಿಂದ 1887ರಲ್ಲೇ ಮಾರುಕಟ್ಟೆಗೆ ಬಂದಿತ್ತು. ಸ್ಟೆನ್ಸಿಲ್ ಎಂಬ ಮೇಣ ಸವರಿದ ಹಾಳೆಯ ಮೇಲೆ ಬೆರಳಚ್ಚು ಮಾಡಿದರೆ ಅಕ್ಷರವಿರುವ ಕಡೆ ಮೇಣ ಹರಿದು, ಅಲ್ಲಿಂದ ಮಸಿ ಇಳಿಯುತ್ತಿತ್ತು. ಶಾಲೆ, ಚರ್ಚು, ಕಚೇರಿಗಳಿಗೆ ಅದು ಬಂದ ಮೇಲೆ ಸಾಮಾನ್ಯ ಮನೆಯವರಿಗೂ ನೂರು ಪ್ರತಿ ತೆಗೆಯುವುದು ಕೈಗೆಟುಕಿತು. 1959ರಲ್ಲಿ ಜೆರಾಕ್ಸ್ 914 ಎಂಬ ನಕಲು ಯಂತ್ರ ಬಂದ ಮೇಲೆ ಸ್ಟೆನ್ಸಿಲ್ಲಿನ ಗೊಡವೆಯೂ ತಪ್ಪಿತು.

ಈಗ ಬಡಾಯಿಯ ಆಪಾದನೆಗೆ ಬರೋಣ. ಒಬ್ಬರಿಗೆ ಬರೆಯುವ ಕಾಗದದಲ್ಲಿ ಹೇಳಬಹುದಾದ ಎಷ್ಟೋ ಮಾತನ್ನು ನೂರು ಜನಕ್ಕೆ ಬರೆಯುವ ಕಾಗದದಲ್ಲಿ ಹೇಳಲಾಗುವುದಿಲ್ಲ. ಅಕ್ಕ, ಗಂಡನ ಮೇಲಧಿಕಾರಿ, ಮಗನ ಹಳೆಯ ಶಿಕ್ಷಕಿ, ಪಾದ್ರಿ ಎಲ್ಲರೂ ಓದುವ ಹಾಳೆಯಲ್ಲಿ ಸಾಲದ ಸಂಕಟ, ಗಂಡ ಹೆಂಡಿರ ಜಗಳ ಜಾಗ ಪಡೆಯುವುದು ಹೇಗೆ? ಇದು ಬರೆಯುವವರ ಸ್ವಭಾವಕ್ಕಿಂತ ಓದುಗರ ಬೆರಕೆಯಿಂದ ಬರುವ ಕಟ್ಟುಪಾಡು. ಇದಕ್ಕೆ ಬಲವಾದ ಸಾಕ್ಷ್ಯ ಈ ಕಾಗದಗಳಿಗಿಂತ ನಾನೂರು ವರ್ಷ ಹಿಂದಿನ, ಕ್ರಿಸ್‌ಮಸ್ಸಿಗೂ ಕುಟುಂಬಕ್ಕೂ ಸಂಬಂಧವಿಲ್ಲದ ಒಂದು ಕಡೆ ಸಿಗುತ್ತದೆ. ಜೆಸುಯಿಟ್ ಸಂಘದ ಸ್ಥಾಪಕ ಇಗ್ನೇಷಿಯಸ್ ಲೊಯೋಲ 1542ರ ಡಿಸೆಂಬರಿನಲ್ಲಿ ತನ್ನ ಸಂಗಾತಿ ಪೀಟರ್ ಫೇಬರ್‌ಗೆ ಪತ್ರ ಬರೆಯುವ ಕ್ರಮವನ್ನೇ ವಿವರಿಸಿ ಬರೆದ. ಮುಖ್ಯ ಪತ್ರ ಯಾರಿಗೆ ಬೇಕಾದರೂ ತೋರಿಸುವಂತಿರಬೇಕು, ಅದನ್ನು ಒಮ್ಮೆ ಬರೆದು ತಿದ್ದಿ ಮತ್ತೆ ಬರೆಯಬೇಕು. ಒಳಗಿನ ವಿಷಯಗಳನ್ನೆಲ್ಲ ಬೇರೆ ಹಾಳೆಗಳಲ್ಲಿ ಬರೆದು ಕಳಿಸಬೇಕು. ಆ ಸಂಘದ ವಾರ್ಷಿಕ ಪತ್ರಗಳು ಈ ನಿಯಮದಲ್ಲೇ ಬೆಳೆದವು. ಹದಿನೇಳನೆಯ ಶತಮಾನದ ನಡುವೆ ಲಿಯೊನಾರ್ಡೊ ಚಿನ್ನಾಮಿ ಮೈಸೂರು ಸೀಮೆಯಲ್ಲಿ ನೆಲೆಗೊಳಿಸಿದ ಮಿಷನ್ನಿನಿಂದಲೂ ಅಂಥ ಪತ್ರಗಳು ರೋಮಿಗೆ ಹೋದವು. ಅವುಗಳಲ್ಲಿ ಮತಾಂತರದ ಯಶಸ್ಸು, ಪವಾಡದಂತೆ ರೋಗ ವಾಸಿಯಾದ ಕಥೆಗಳು ಎದ್ದು ಕಾಣುತ್ತವೆ; ಅದು ಆ ಪ್ರಕಾರದ ಬಡಾಯಿ. ಹಾಗೆಂದು ಅವನ್ನು ಚರಿತ್ರೆಕಾರರು ಎಸೆಯಲಿಲ್ಲ. ಡಿ. ಫೆರೋಲಿ 1955ರಲ್ಲಿ ಪ್ರಕಟಿಸಿದ ಮೈಸೂರಿನ ಜೆಸುಯಿಟರ ಚರಿತ್ರೆಗೆ ಅಂಥ ಪತ್ರಗಳೇ ಆಧಾರ. ಜೆಸುಯಿಟ್ ಪತ್ರದಿಂದ ಅಮೆರಿಕದ ಕುಟುಂಬದ ಕಾಗದ ಹುಟ್ಟಿತೆಂದು ನಾನು ಹೇಳುತ್ತಿಲ್ಲ. ವರ್ಷಕ್ಕೊಮ್ಮೆ, ದೂರದ ಹಲವರಿಗೆ, ಒಂದೇ ಒಕ್ಕಣೆಯಲ್ಲಿ ಬರೆಯಬೇಕಾದಾಗ ಸನ್ಯಾಸಿಗಳೂ ಗೃಹಸ್ಥರೂ ಒಂದೇ ರೀತಿ ಬರೆದರು. ಇಗ್ನೇಷಿಯಸ್‌ನ ಬೇರೆ ಹಾಳೆಯ ಉಪಾಯವೂ ಗೃಹಸ್ಥರಿಗೆ ತಾನಾಗಿ ಒದಗಿತು: ಅಚ್ಚಿನ ಒಕ್ಕಣೆಯ ಅಂಚಿನಲ್ಲೋ ಕಾರ್ಡಿನ ಹಿಂದೆಯೋ ಆಪ್ತರಿಗೆಂದು ಪೆನ್ನಿನಲ್ಲಿ ಗೀಚಿದ ಎರಡು ಸಾಲು. ಅಚ್ಚಿನ ಭಾಗವನ್ನಷ್ಟೇ ಓದಿ ನಗುವವರು ಈ ಎರಡು ಸಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಬರೆದವರು ಯಾರು ಎಂಬುದು ಇನ್ನೂ ಮುಖ್ಯ. ಕೆಳಗೆ ಸಹಿ ಇಡೀ ಕುಟುಂಬದ್ದು, ಕೆಲಸ ಸಾಮಾನ್ಯವಾಗಿ ಮನೆಯ ಹೆಂಗಸಿನದು. ಮಾನವಶಾಸ್ತ್ರಜ್ಞೆ ಮಿಕೇಲಾ ಡಿ ಲಿಯೊನಾರ್ಡೊ ಕ್ಯಾಲಿಫೋರ್ನಿಯದ ಇಟಾಲಿಯನ್ ಅಮೆರಿಕನ್ ಕುಟುಂಬಗಳ ನಡುವೆ ಅಧ್ಯಯನ ಮಾಡಿ 1987ರಲ್ಲಿ ಬರೆದ ಲೇಖನದಲ್ಲಿ ಇದನ್ನು ತೋರಿಸಿಕೊಟ್ಟರು. ಕಾರ್ಡು, ಕಾಗದ, ಫೋನು, ಉಡುಗೊರೆ, ಹಬ್ಬದ ಊಟ ಇವುಗಳ ಮೂಲಕ ಮನೆಮನೆಗಳ ನಡುವೆ ನಂಟು ಕಾಯುವುದು ಬಿಡುವಿನ ಹವ್ಯಾಸವಲ್ಲ, ಅಡುಗೆ, ಮಕ್ಕಳ ಪಾಲನೆಯಷ್ಟೇ ನಿಜವಾದ ದುಡಿಮೆ. ಗಂಡನ ಕಡೆಯ ನೆಂಟರ ಹುಟ್ಟುಹಬ್ಬವನ್ನೂ ಹೆಂಡತಿಯೇ ನೆನಪಿಡುತ್ತಾಳೆ, ಅವಳು ಬಿಟ್ಟರೆ ಆ ನಂಟೇ ಸೊರಗುತ್ತದೆ ಎಂಬುದು ಅವರ ಕಾಣ್ಕೆ. ಯಂತ್ರದಲ್ಲಿ ನಕಲು ಮಾಡಿದ ಕಾಗದದಲ್ಲಿ ಆತ್ಮೀಯತೆ ಎಲ್ಲಿ ಎಂಬ ಆಕ್ಷೇಪಕ್ಕೆ ಇದೇ ಉತ್ತರ. ಹೊರಗೂ ದುಡಿಯುತ್ತಿದ್ದ, ನೂರು ವಿಳಾಸಗಳನ್ನು ವರ್ಷವರ್ಷ ತಿದ್ದಿಕೊಳ್ಳುತ್ತಿದ್ದ ಹೆಂಗಸಿಗೆ ಇದ್ದದ್ದು ಎರಡೇ ಆಯ್ಕೆ: ನೂರು ಮನೆಗೆ ಒಂದೇ ಕಾಗದ, ಇಲ್ಲವೇ ಹತ್ತು ಮನೆಗೆ ಬೇರೆಬೇರೆ ಕಾಗದ ಬರೆದು ತೊಂಬತ್ತನ್ನು ಮರೆಯುವುದು. ಅವಳು ತೊಂಬತ್ತನ್ನು ಉಳಿಸಿಕೊಂಡಳು. ಅದನ್ನು ಆತ್ಮೀಯತೆಯ ಕೊರತೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಕಾಗದಗಳು ಪೂರ್ಣ ಸತ್ಯ ಹೇಳುವುದಿಲ್ಲವೆಂದ ಮೇಲೆ ಅವುಗಳಿಂದ ಚರಿತ್ರೆ ಹೇಗೆ ಕಟ್ಟುವುದು ಎಂದು ಕೇಳುವವರಿದ್ದಾರೆ. ಅವು ಯಾವುದರ ಬಗ್ಗೆ ಹೆಮ್ಮೆಪಡುತ್ತವೆ ಎಂಬುದೇ ಚರಿತ್ರೆ. ನಾರ್ತ್ ಡಕೋಟ ಸ್ಟೇಟ್ ವಿಶ್ವವಿದ್ಯಾಲಯದ ಸಂವಹನ ಪ್ರಾಧ್ಯಾಪಕಿ ಆನ್ ಬರ್ನೆಟ್ 1960ರ ದಶಕದಿಂದೀಚಿನ ಇಂಥ ಹಬ್ಬದ ಕಾಗದಗಳನ್ನು ಸಾವಿರಗಳ ಲೆಕ್ಕದಲ್ಲಿ ಸಂಗ್ರಹಿಸಿ ಓದಿದರು. ದಶಕ ದಾಟಿದಂತೆ ಅವುಗಳಲ್ಲಿ ಓಡಾಟ, ಧಾವಂತ, ಉಸಿರಾಡಲೂ ಬಿಡುವಿಲ್ಲ ಎನ್ನುವ ಮಾತುಗಳು ಹೆಚ್ಚುತ್ತ ಹೋದದ್ದು ಅವರಿಗೆ ಕಂಡಿತು. ಬಿಡುವಿಲ್ಲದಿರುವುದೇ ಪ್ರತಿಷ್ಠೆಯಾದ ಕಾಲವನ್ನು ಈ ಕಾಗದಗಳು ತಮಗರಿವಿಲ್ಲದೆ ದಾಖಲಿಸಿದ್ದವು. ಒಂದು ಕಾಗದವನ್ನು ನಂಬದಿರಬಹುದು. ಒಂದೇ ಮನೆಯ ಮೂವತ್ತು ಡಿಸೆಂಬರುಗಳ ಕಾಗದಗಳನ್ನು ಸಾಲಾಗಿಟ್ಟರೆ ಯಾವ ವರ್ಷ ಯಾರ ಹೆಸರು ಬಿಟ್ಟುಹೋಯಿತು ಎಂಬುದು ಕೂಡ ಸಾಕ್ಷ್ಯವಾಗುತ್ತದೆ. ಹಾಗರ್ಟ್‌ನ ಗೇಲಿಯ ಸಂಗ್ರಹದಲ್ಲೂ ಕಾಯಿಲೆ, ಸಾವು ತುಂಬಿದ ಕಾಗದಗಳಿವೆ ಎಂಬುದನ್ನು ಮರೆಯಬಾರದು.

ಈ ಶತಮಾನದಲ್ಲಿ ಈ ಕಾಗದದ ಕೆಲಸ ಇಮೇಲಿಗೆ, ಅಲ್ಲಿಂದ ಸಾಮಾಜಿಕ ಜಾಲತಾಣಗಳಿಗೆ ಹೋಯಿತು. 2014ರ ಡಿಸೆಂಬರಿನಲ್ಲಿ ಫೇಸ್‌ಬುಕ್ ತನ್ನ ಬಳಕೆದಾರರಿಗೆ ವರ್ಷದ ಹಿನ್ನೋಟವನ್ನು ತಾನೇ ಜೋಡಿಸಿ ತೋರಿಸಿತು. ಆ ವರ್ಷ ಎಳೆಯ ಮಗಳನ್ನು ಕಳೆದುಕೊಂಡಿದ್ದ ಅಮೆರಿಕದ ಒಬ್ಬ ವೆಬ್ ವಿನ್ಯಾಸಕನಿಗೆ ಸಂಭ್ರಮದ ಚೌಕಟ್ಟಿನಲ್ಲಿ ಅದೇ ಮಗುವಿನ ಮುಖ ಎದುರಾಯಿತು. ಅವನು ಬರೆದದ್ದು ಸುದ್ದಿಯಾಗಿ, ಕಂಪನಿ ಕ್ಷಮೆ ಕೇಳಿತು. ವರ್ಷದಲ್ಲಿ ಏನನ್ನು ಹೇಳಬೇಕು, ಏನನ್ನು ಬಿಡಬೇಕು, ಸತ್ತವರ ಹೆಸರನ್ನು ಯಾವ ಸಾಲಿನಲ್ಲಿ ತರಬೇಕು ಎಂಬ ತೀರ್ಮಾನ ಅರ್ಧ ಶತಮಾನ ಆ ಕಾಗದ ಬರೆದವರ ಕೈಯಲ್ಲಿತ್ತು, ಅವರು ಅದನ್ನು ವಿವೇಕದಿಂದ ಮಾಡಿದ್ದರು. ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ನೆಲೆಸಿದ ನೆಂಟರಿಂದ, ಗೆಳೆಯರಿಂದ ಇಂಥ ಡಿಸೆಂಬರ್ ಕಾಗದಗಳು ನಿಮ್ಮ ಮನೆಗೂ ಬಂದಿದ್ದರೆ ರದ್ದಿಗೆ ಹಾಕಬೇಡಿ. ಲಕೋಟೆಯ ಸಮೇತ, ವರ್ಷದ ಕ್ರಮದಲ್ಲಿ ಎತ್ತಿಡಿ.