ಕಾಡು ನುಂಗಿದ ಜಗಲಿಗಳು

ಮದುವೆಯಾದ ಮರುದಿನವೇ ಗಂಡ ಹೆಂಡತಿ ಊರು ಬಿಟ್ಟರು. ಆತನಿಗೆ 22 ವರ್ಷ, ಆಕೆಗೆ 20. 1936ರ ಕ್ರಿಸ್‌ಮಸ್ ದಿನ ನಾರ್ವೆಯಿಂದ ಹೊರಟ ಥಾರ್ ಹೆಯರ್‌ಡಾಲ್ ಮತ್ತು ಲಿವ್ ಹುಡುಕಿಕೊಂಡು ಹೋದದ್ದು ಪೆಸಿಫಿಕ್ ಸಾಗರದ ನಡುವೆ, ಫ್ರೆಂಚರ ವಶದಲ್ಲಿದ್ದ ಮಾರ್ಕ್ವೆಸಸ್ ದ್ವೀಪಗಳ ಪೈಕಿ ತೀರ ದಕ್ಷಿಣದ ಫಟು ಹಿವಾವನ್ನು. ರಸ್ತೆ, ಅಂಗಡಿ, ಯಂತ್ರಗಳ ಹಂಗಿಲ್ಲದೆ, ಆದಿಮಾನವನಂತೆ ನಿಸರ್ಗದ ಮಡಿಲಲ್ಲಿ ಬದುಕಬೇಕೆಂಬುದು ಅವರ ಆಸೆ. ವಿಶ್ವವಿದ್ಯಾಲಯದ ಪ್ರಾಧ್ಯಾಪಕರಿಗೆ ಮಾತ್ರ, ಪ್ರಾಣಿಗಳು ದೂರದ ದ್ವೀಪಗಳಿಗೆ ಹೇಗೆ ಬಂದು ಸೇರಿದವು ಎಂಬುದರ ಅಧ್ಯಯನ ಎಂದು ಹೇಳಲಾಗಿತ್ತು. ಖರ್ಚು ಹುಡುಗನ ತಂದೆಯದು!

ಟಹೀಟಿಯಿಂದ ಹಾಯಿಹಡಗಿನಲ್ಲಿ ಬಂದ ಈ ಜೋಡಿ 1937ರ ಆರಂಭದಲ್ಲಿ ಓಮೋವಾ ಎಂಬ ಕಣಿವೆಯಲ್ಲಿ ಇಳಿಯಿತು. ಹಳ್ಳಿಯಿಂದ ಮೇಲೆ, ಹೊಳೆಯ ಪಕ್ಕದ ಕಾಡಿನಲ್ಲಿ ಒಂದು ಜಾಗ ಹಿಡಿಸಿತು. ಬಿದಿರಿನ ತಟ್ಟಿ ಹೆಣೆದು, ಗರಿ ಹೊದಿಸಿ ಗುಡಿಸಲು ಕಟ್ಟಿಕೊಂಡರು. ಊಟಕ್ಕೆ ತೆಂಗು, ಬಾಳೆ, ಕಿತ್ತಳೆ, ಹೊಳೆಯ ಸೀಗಡಿ, ಜೊತೆಗೆ ನಮ್ಮ ಕರಾವಳಿಯವರು ಜೀಗುಜ್ಜೆ ಎನ್ನುವ ಹಣ್ಣು. ನಿಸರ್ಗವೇ ಕೈಯಾರೆ ಬಡಿಸುತ್ತಿದೆ ಎಂದು ಯಾರಿಗಾದರೂ ಅನ್ನಿಸಬೇಕು.

ಆದರೆ ಗುಡಿಸಲು ನಿಂತಿದ್ದ ನೆಲವನ್ನು ಗಮನಿಸಬೇಕು. ಅದು ದೊಡ್ಡ ಕಲ್ಲುಗಳನ್ನು ಜೋಡಿಸಿ ಕಟ್ಟಿದ ಜಗಲಿ. ಸ್ಥಳೀಯರು ಅದನ್ನು 'ಪೇಪೇ' ಎನ್ನುತ್ತಾರೆ. ಮಾರ್ಕ್ವೆಸಸ್ ಜನ ಮನೆ ಕಟ್ಟುತ್ತಿದ್ದುದು ಇಂಥ ಜಗಲಿಗಳ ಮೇಲೆಯೇ. ಕಣಿವೆಯ ಉದ್ದಕ್ಕೂ ಅವು ಬೇರು ಬಳ್ಳಿಗಳ ಕೆಳಗೆ ಹುದುಗಿದ್ದವು. ಹೆಯರ್‌ಡಾಲ್ ದಂಪತಿ ಆರಿಸಿಕೊಂಡದ್ದು ಹಿಂದೊಮ್ಮೆ ರಾಜಮನೆತನ ವಾಸವಾಗಿದ್ದ ಜಾಗವನ್ನು. ಇನ್ನು ಜೀಗುಜ್ಜೆ. ಅಲ್ಲಿನ ಬಹುತೇಕ ತಳಿಗಳಿಗೆ ಬೀಜವೇ ಇಲ್ಲ. ಬೇರಿನಿಂದೆದ್ದ ಸಸಿ ತಂದು ಮನುಷ್ಯರು ನೆಟ್ಟರಷ್ಟೇ ಅದು ಹೊಸ ಜಾಗದಲ್ಲಿ ಬೆಳೆಯುವುದು. ಯುವ ದಂಪತಿ ಕಾಡೆಂದುಕೊಂಡದ್ದು ವಾಸ್ತವವಾಗಿ ವಾರಸುದಾರರಿಲ್ಲದ ತೋಟ.

ಆ ವಾರಸುದಾರರು ಎಲ್ಲಿ ಹೋದರು?

1595ರ ಜುಲೈನಲ್ಲಿ ಸ್ಪೇನಿನ ಮೆಂಡಾನ್ಯಾನ ಹಡಗುಗಳು ಇದೇ ದ್ವೀಪದ ಬಳಿ ಬಂದಾಗ ನೂರಾರು ಜನ ದೋಣಿಗಳಲ್ಲಿ ಎದುರುಗೊಂಡಿದ್ದರು. ಆ ಭೇಟಿ ಗುಂಡೇಟಿನಲ್ಲಿ ಮುಗಿಯಿತು. ಪೆರುವಿನ ವೈಸರಾಯ್ ಆಗಿದ್ದ ಮಾರ್ಕ್ವಿಸನ ಗೌರವಾರ್ಥ ದ್ವೀಪಗಳಿಗೆ ಹೆಸರಿಟ್ಟು ಮೆಂಡಾನ್ಯಾ ಮುಂದಕ್ಕೆ ಹೋದ. ನಿಜವಾದ ಅನಾಹುತ ಆದದ್ದು 19ನೇ ಶತಮಾನದಲ್ಲಿ. ತಿಮಿಂಗಿಲ ಬೇಟೆಯ ಹಡಗುಗಳು, ವ್ಯಾಪಾರಿಗಳು, ಸೈನಿಕರು ಒಬ್ಬರ ಹಿಂದೊಬ್ಬರು ಬಂದರು. ಜೊತೆಗೆ ಕ್ಷಯ, ಗುಹ್ಯರೋಗ, ಹೆಂಡ, ಬಂದೂಕು. 1863ರಲ್ಲಿ, ಪೆರುವಿನ ಗುಲಾಮ ವ್ಯಾಪಾರಿಗಳು ಹಿಡಿದೊಯ್ದಿದ್ದವರನ್ನು ವಾಪಸು ತಂದ ಹಡಗಿನಲ್ಲಿ ಸಿಡುಬು ಬಂತು. ಉತ್ತರದ ದ್ವೀಪಗಳಲ್ಲಿ ಕಣಿವೆಗಳೇ ಬರಿದಾದವು. 1842ರಲ್ಲಿ ಫ್ರಾನ್ಸ್ ವಶಪಡಿಸಿಕೊಂಡಾಗ ದ್ವೀಪಸಮೂಹದ ಜನಸಂಖ್ಯೆ ಅಂದಾಜು 20 ಸಾವಿರ. 1920ರ ದಶಕದಲ್ಲಿ ಉಳಿದದ್ದು ಎರಡು ಸಾವಿರದ ಆಸುಪಾಸು. ಹತ್ತು ಮನೆಯಲ್ಲಿ ಒಂದರಲ್ಲಿ ಮಾತ್ರ ದೀಪ ಎಂದಂತೆ.

ದಂಪತಿಗೆ ಅಷ್ಟು ಇಷ್ಟವಾದ ನಿಶ್ಶಬ್ದ ಹುಟ್ಟಿದ್ದು ಹೀಗೆ. ದ್ವೀಪದಲ್ಲಿ ಜನ ಕಡಿಮೆ ಇದ್ದಾರೆ ಎಂಬುದು ಹೆಯರ್‌ಡಾಲ್‌ಗೆ ತಿಳಿದಿತ್ತು, ರೋಗಗಳ ಕಥೆಯೂ ಗೊತ್ತಿತ್ತು. ಆದರೂ ಸ್ವರ್ಗದ ಕನಸು ಬಿಡಲಿಲ್ಲ. ಕನಸು ಬಿಡಿಸಿದ್ದು ಸೊಳ್ಳೆಗಳು. ಹಳ್ಳಿಯಲ್ಲಿ ಆನೆಕಾಲು ರೋಗದವರನ್ನು ಕಂಡಿದ್ದ ಅವರಿಗೆ ಮಳೆಗಾಲದ ರಾತ್ರಿಗಳು ಭಯ ಹುಟ್ಟಿಸತೊಡಗಿದವು. ಹಸಿ ಬಿದಿರಿಗೆ ಹುಳ ಬಿದ್ದು ಗೋಡೆ ಪುಡಿಯಾಗಿ ಉದುರಿತು. ಕಾಲಿನ ಹುಣ್ಣುಗಳು ಮಾಯಲೇ ಇಲ್ಲ. ಕೊನೆಗೆ ತೆರೆದ ದೋಣಿಯಲ್ಲಿ ಸಮುದ್ರ ದಾಟಿ, ಔಷಧಿಗಾಗಿ ಹಿವಾ ಓವಾ ದ್ವೀಪಕ್ಕೆ ಓಡಬೇಕಾಯಿತು. ಚಿತ್ರಕಾರ ಪಾಲ್ ಗೋಗ್ಯಾನ್ ಇಂಥದ್ದೇ ಆಸೆಯಿಂದ ಬಂದು 1903ರಲ್ಲಿ ಸತ್ತದ್ದು ಅದೇ ದ್ವೀಪದಲ್ಲಿ.

ಮರಳಿ ಬಂದವರು ಈ ಬಾರಿ ಗಾಳಿ ಹೆಚ್ಚಿರುವ, ಸೊಳ್ಳೆ ಕಡಿಮೆ ಇರುವ ಪೂರ್ವ ತೀರದ ಊಯಿಯಾ ಕಣಿವೆಗೆ ಹೋದರು. ಆ ಇಡೀ ಕಣಿವೆಯಲ್ಲಿ ತೇಯಿ ತೆತುವಾ ಎಂಬ ಮುದುಕ, ಆತ ಸಾಕಿಕೊಂಡ ಒಬ್ಬ ಹುಡುಗಿ, ಇಷ್ಟೇ ಸಂಸಾರ. ಬೆಂಕಿಯ ಪಕ್ಕ ಕುಳಿತು ಆತ, ಪೂರ್ವಜರನ್ನು ತಿಕಿ ಎಂಬ ದೇವರು ಪೂರ್ವದಿಕ್ಕಿನಿಂದ ಕರೆತಂದ ಎಂದು ಹೇಳಿದನಂತೆ. ಪೂರ್ವದಿಂದಲೇ ಬೀಸುವ ಗಾಳಿ, ಪೂರ್ವದಿಂದಲೇ ಬರುವ ಅಲೆ ನೋಡುತ್ತಿದ್ದ ಹೆಯರ್‌ಡಾಲ್‌ನ ತಲೆಯಲ್ಲಿ ಆ ಮಾತು ಕುಳಿತುಬಿಟ್ಟಿತು. 1947ರಲ್ಲಿ ಪೆರುವಿನಿಂದ 101 ದಿನ ತೇಲಿಬಂದ 'ಕಾನ್-ಟಿಕಿ' ತೆಪ್ಪದ ಬೀಜ ಅಲ್ಲಿದೆ. ದ್ವೀಪವಾಸಿಗಳ ಮೂಲ ದಕ್ಷಿಣ ಅಮೆರಿಕ ಎಂಬ ಆತನ ವಾದವನ್ನು ವಿದ್ವಾಂಸರು ಒಪ್ಪಲಿಲ್ಲ. ಅವರು ಬಂದದ್ದು ಪಶ್ಚಿಮದಿಂದ, ಏಷ್ಯದ ಕಡೆಯಿಂದ. ಆದರೆ ಸುಮಾರು 800 ವರ್ಷಗಳ ಹಿಂದೆ ಅಮೆರಿಕದ ಮೂಲನಿವಾಸಿಗಳೊಂದಿಗೆ ಇವರ ರಕ್ತ ಬೆರೆತದ್ದಕ್ಕೆ 2020ರ ವಂಶವಾಹಿ ಅಧ್ಯಯನವೊಂದರಲ್ಲಿ ಸಾಕ್ಷ್ಯ ಸಿಕ್ಕಿತು. ಮುದುಕನ ಮಾತು ಪೂರ್ತಿ ಪೊಳ್ಳಲ್ಲ ಎನ್ನಬಹುದೇನೋ.

ದಂಪತಿಯ ಕೊನೆಯ ದಿನಗಳು ಕಳೆದದ್ದು ಕಡಲತೀರದ ಗುಹೆಯಲ್ಲಿ, ಹಡಗಿನ ದಾರಿ ಕಾಯುತ್ತಾ. 1938ರಲ್ಲಿ ನಾರ್ವೆಗೆ ಮರಳಿದರು. ಅದೇ ವರ್ಷ ಪುಸ್ತಕವೂ ಬಂತು.

ಫಟು ಹಿವಾದಲ್ಲಿ ಉಳಿದವರು ಅಲ್ಲೇ ಉಳಿದರು, ಸಂಖ್ಯೆಯಲ್ಲಿ ಬೆಳೆದರು. ಇಂದು ಓಮೋವಾ ಮತ್ತು ಹನವಾವೆ ಎಂಬ ಎರಡು ಊರುಗಳಲ್ಲಿ ಸುಮಾರು 600 ಜನರಿದ್ದಾರೆ. ವಿಮಾನ ನಿಲ್ದಾಣವಿಲ್ಲ. ಹೆಂಗಸರು ಮರದ ತೊಗಟೆ ಜಜ್ಜಿ 'ತಪಾ' ಬಟ್ಟೆ ಮಾಡಿ ಮಾರುತ್ತಾರೆ. 2024ರಲ್ಲಿ ಯುನೆಸ್ಕೋ ಈ ದ್ವೀಪಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ, ವೈಸರಾಯನ ಹೆಸರಿನ ಜೊತೆಗೆ ಅಲ್ಲಿನವರದೇ ಹೆಸರನ್ನೂ ಬಳಸಿತು: 'ತೆ ಹೆನುವಾ ಎನಾತಾ'. ಮನುಷ್ಯರ ನಾಡು ಎಂದು ಅದರ ಅರ್ಥ.