ಎರಡು ಥರ್ಮಾಮೀಟರು, ಒಂದೇ ಉತ್ತರ

1714ರಲ್ಲಿ ಡೇನಿಯಲ್ ಫ್ಯಾರನ್‌ಹೀಟ್ ಜರ್ಮನಿಯ ಪ್ರೊಫೆಸರ್ ಕ್ರಿಶ್ಚಿಯನ್ ವೋಲ್ಫ್‌ಗೆ ಎರಡು ಥರ್ಮಾಮೀಟರ್ ಕೊಟ್ಟ. ಎರಡೂ ಹೆಚ್ಚುಕಡಿಮೆ ಒಂದೇ ಉಷ್ಣಾಂಶ ತೋರಿಸಿದವು. ವೋಲ್ಫ್‌ಗೆ ಎಷ್ಟು ಆಶ್ಚರ್ಯ ಅಂದರೆ, ಅದರ ಬಗ್ಗೆ ಲೇಖನವನ್ನೇ ಬರೆದುಬಿಟ್ಟ! ಇದರಲ್ಲೇನು ಮಹಾ ಅಂತೀರಾ? ಆಗೆಲ್ಲ ಒಬ್ಬೊಬ್ಬರ ಥರ್ಮಾಮೀಟರಿಗೂ ಒಂದೊಂದು ಲೆಕ್ಕ. ಎರಡು ಒಂದೇ ಮಾತು ಹೇಳುವುದೇ ಅಪರೂಪ.

ಗುಟ್ಟು ಇರುವುದು ಎಲ್ಲರೂ ಒಪ್ಪುವ ಗುರುತುಗಳಲ್ಲಿ. 1742ರಲ್ಲಿ ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ ಎರಡು ಗುರುತು ಸಾಕು ಅಂದ: ಕರಗುವ ಹಿಮ, ಕುದಿಯುವ ನೀರು. (ಅವನ ಅಳತೆಯಲ್ಲಿ ಕುದಿಯುವುದು 0, ಕರಗುವುದು 100! ತಿರುಗಿಸಿದ್ದು ಆಮೇಲೆ.) ಜೊತೆಗೆ ಗಾಳಿಯ ಒತ್ತಡವನ್ನೂ ನೋಡಿಕೊಳ್ಳಿ ಅಂದ, ಯಾಕೆಂದರೆ ಒತ್ತಡ ಬದಲಾದರೆ ಕುದಿಯುವ ಬಿಂದುವೂ ಬದಲಾಗುತ್ತೆ. ನಮ್ಮ ಬೆಂಗಳೂರಲ್ಲೇ ನೀರು ಸುಮಾರು 97 ಡಿಗ್ರಿಗೆ ಕುದಿಯುತ್ತೆ.

ಇದೆಲ್ಲ ನೆನಪಾಗಿದ್ದು ಆಫೀಸಿನಲ್ಲಿ. ಒಂದೇ ಬ್ಯಾಚಿನ ಎರಡು ಬೋರ್ಡು, ಅಕ್ಕಪಕ್ಕದಲ್ಲಿ. ಮೈಕ್ರೋಕಂಟ್ರೋಲರಿನ ಒಳಗಿನ ಸೆನ್ಸರು ಒಂದರಲ್ಲಿ 28 ಅನ್ನುತ್ತೆ, ಇನ್ನೊಂದರಲ್ಲಿ 41. "ಚಿಪ್ಪೇ ಕೆಟ್ಟಿದೆ, ಇಡೀ ಬ್ಯಾಚ್ ಬಿಸಾಕೋಣ" ಅನ್ನೋ ಮಾತು ಶುರುವಾಗಿತ್ತು.

ಚಿಪ್ಪು ಕೆಟ್ಟಿರಲಿಲ್ಲ. ಸಿಲಿಕಾನಿನ ಟ್ರಾನ್ಸಿಸ್ಟರಿನಲ್ಲಿ ಬೇಸ್-ಎಮಿಟರ್ ವೋಲ್ಟೇಜು ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತೆ. ಸೆನ್ಸರಿನ ಮೂಲ ಅದೇ. ಇಳಿಯುವ ದರ ಎಲ್ಲ ಚಿಪ್ಪಿನಲ್ಲೂ ಹೆಚ್ಚುಕಡಿಮೆ ಒಂದೇ, ಶುರುವಾಗುವ ಜಾಗ ಮಾತ್ರ ಬೇರೆ ಬೇರೆ. ಎಸ್‌ಟಿಎಂ32ಎಫ್103ರ ಕೈಪಿಡಿಯೇ ಚಿಪ್ಪಿನಿಂದ ಚಿಪ್ಪಿಗೆ 45 ಡಿಗ್ರಿವರೆಗೆ ವ್ಯತ್ಯಾಸ ಇರಬಹುದು ಅನ್ನುತ್ತೆ. ಆಮೇಲೆ ಬಂದ ಎಸ್‌ಟಿಎಂ32ಎಫ್072ರಲ್ಲಿ ಪ್ರತಿ ಚಿಪ್ಪನ್ನೂ ಕಾರ್ಖಾನೆಯಲ್ಲೇ 30 ಮತ್ತು 110 ಡಿಗ್ರಿಯಲ್ಲಿ ಅಳೆದು ಅಂಕಿಗಳನ್ನು ಮೆಮೊರಿಯಲ್ಲಿ ಬರೆದಿಡುತ್ತಾರೆ. ಸೆಲ್ಸಿಯಸ್‌ನ ಎರಡು ಗುರುತು!

ಅವನ ಗಾಳಿಯ ಒತ್ತಡಕ್ಕೂ ಇಲ್ಲೊಂದು ಜೋಡಿ ಇದೆ: ಎಡಿಸಿಯ ರೆಫರೆನ್ಸ್ ವೋಲ್ಟೇಜು. ಆ ಅಂಕಿಗಳು 3.3 ವೋಲ್ಟಿನಲ್ಲಿ ಬರೆದವು. ಸೆನ್ಸರು ಕೊಡುವುದು 1.43 ವೋಲ್ಟ್, ಡಿಗ್ರಿಗೆ 4.3 ಮಿಲಿವೋಲ್ಟ್ ಅಂತಿಟ್ಟುಕೊಳ್ಳಿ. ನಿಮ್ಮ ಬೋರ್ಡಿನಲ್ಲಿ 3.2 ವೋಲ್ಟೇ ಇದ್ದರೆ ಸುಮ್ಮನೆ 10 ಡಿಗ್ರಿ ತಪ್ಪು!

ಹಾಗಾಗಿ ನಾವು ಮೊದಲು ರೆಫರೆನ್ಸ್ ಅಳೆದೆವು, ಆಮೇಲೆ ಎಡಿಸಿಗೆ ಸ್ಯಾಂಪಲ್ ಮಾಡಲು ಹೆಚ್ಚು ಸಮಯ ಕೊಟ್ಟೆವು, ಕೊನೆಗೆ ಪ್ರತಿ ಬೋರ್ಡನ್ನೂ ಎರಡು ಗೊತ್ತಿರುವ ಉಷ್ಣಾಂಶದಲ್ಲಿಟ್ಟು ಅಂಕಿ ಬರೆದುಕೊಂಡೆವು. ಎರಡು ಬೋರ್ಡುಗಳ ನಡುವಿನ ಅಂತರ 1 ಡಿಗ್ರಿಗೆ ಇಳಿಯಿತು. ಬ್ಯಾಚು ಉಳಿಯಿತು.

ಇಷ್ಟಾದರೂ ಅದು ಹೇಳುವುದು ಚಿಪ್ಪಿನ ಬಿಸಿಯನ್ನೇ ಹೊರತು ಕೋಣೆಯದ್ದಲ್ಲ, ನೆನಪಿರಲಿ. ಸೆನ್ಸರು ಸುಳ್ಳು ಹೇಳುತ್ತೆ ಅನ್ನೋ ಮೊದಲು, ಅದಕ್ಕೆ ನಾವು ಯಾವ ಗುರುತು ಕೊಟ್ಟಿದ್ದೇವೆ ಅಂತ ಕೇಳಿಕೊಳ್ಳೋದು ಒಳ್ಳೇದು. ಏನಂತೀರಿ?